ಕುಮಾರಿ ತೆಗೆಸಿದ ಕಿಟಕಿ

ಗುಂಡ್ಲುಪೇಟೆಯ ಡಾಕ್ಟರ್ ಸೋಮಶೇಖರ್ ಅವರ ಹಲ್ಲಿನ ಆಸ್ಪತ್ರೆಯ ಒಳಕೋಣೆಯಲ್ಲಿ ಒಂದು ಕಿಟಕಿ ಇತ್ತು. ಇತ್ತು ಅನ್ನುವುದಕ್ಕಿಂತ, ಇದ್ದೂ ಇಲ್ಲದಂತಿತ್ತು. ಅದು ನೈಋತ್ಯದ ಕಿಟಕಿ, ತೆರೆದಿಟ್ಟರೆ ಮನೆತನಕ್ಕೆ ಒಳ್ಳೆಯದಾಗುವುದಿಲ್ಲ ಎಂದು ಯಾರೋ ವಾಸ್ತು ಹೇಳಿದ್ದರು. ಡಾಕ್ಟರ ತಂದೆ ಮರಿಮಲ್ಲಪ್ಪನವರು ಅದಕ್ಕೆ ಪ್ಲೈವುಡ್ ಹೊಡೆಸಿ, ಮೇಲೆ ಹುಲಿಯೇರಿದ ಮಾದಪ್ಪನ ದೊಡ್ಡ ಫೋಟೋ ನೇತುಹಾಕಿಸಿದ್ದರು. ದೇವರನ್ನು ತೂಗುಹಾಕಿದ ಮೇಲೆ ಆ ಕಿಟಕಿಯ ಮಾತು ಎತ್ತುವವರು ಯಾರು? ಕಟ್ಟಡ ಅವರದು, ಮಗ ಅವರವನು, ಮಾದಪ್ಪನೂ ತಮ್ಮವನೇ ಎಂಬಂತೆ ದಿನಾ ಬೆಳಿಗ್ಗೆ ಸಾಂಬ್ರಾಣಿ ಹಾಕಿ, ಹೊಗೆ ಹೊರಗೆ ಹೋಗದಿರಲಿ ಎಂದು ಬಾಗಿಲನ್ನೂ ಎಳೆದುಕೊಂಡು ಹೋಗುತ್ತಿದ್ದರು.

ಆ ಕೋಣೆಯಲ್ಲಿ ದಿನಕ್ಕೆ ಎಂಟು ಗಂಟೆ ನಿಲ್ಲುತ್ತಿದ್ದವಳು ಕುಮಾರಿ. ತೆರಕಣಾಂಬಿಯವಳು, ಪಿಯುಸಿ ಓದಿದವಳು, ಗೂಡ್ಸ್ ಆಟೋ ಓಡಿಸುವ ದೊರೆಸ್ವಾಮಿಯ ಹೆಂಡತಿ. ಸೇರಿದಾಗ ಹೊರಗೆ ಮೇಜಿನ ಹಿಂದೆ ಕೂತು ಹೆಸರು ಬರೆಯುವ ಕೆಲಸ. ಒಳಗಿನ ಕೆಲಸ ರಾಚಮ್ಮನದು. ಭೀಮನಬೀಡಿನ ರಾಚಮ್ಮ ನಾಲ್ಕು ವರ್ಷ ಡಾಕ್ಟರ ಎಡಗಡೆ ನಿಂತು, ರೋಗಿಯ ಬಾಯೊಳಗೆ ಎಂಜಲು ಎಳೆಯುವ ಸಣ್ಣ ಕೊಳವೆ ಹಿಡಿದವಳು. ಹಲ್ಲು ಕ್ಲೀನ್ ಮಾಡುವ ಯಂತ್ರ ಸುಂಯ್ ಎಂದು ಶುರುವಾದರೆ ಅದರ ಮೊನೆಯಿಂದ ನೀರು ಮಂಜಾಗಿ ಏಳುತ್ತದೆ. ಎಲೆಯಡಿಕೆ, ಹೊಗೆಸೊಪ್ಪು, ಕೀವು, ರಕ್ತ, ಅವರವರ ಕೆಮ್ಮು ನೆಗಡಿ ಎಲ್ಲವೂ ಆ ಮಂಜಿನಲ್ಲಿ. ಡಾಕ್ಟರಿಗೆ ಒಳ್ಳೆಯ ಮಾಸ್ಕು, ಅದರ ಮೇಲೆ ಪಾರದರ್ಶಕ ಮುಖಪರದೆ. ರಾಚಮ್ಮನಿಗೆ ವಾರಕ್ಕೊಂದು ತೆಳು ಮಾಸ್ಕು, ಅದನ್ನೇ ಒಗೆದು ಒಣಗಿಸಿ ಹಾಕಿಕೊಳ್ಳಬೇಕು.

ದೀಪಾವಳಿ ಕಳೆದ ಮೇಲೆ ರಾಚಮ್ಮನಿಗೆ ಕೆಮ್ಮು ಹಿಡಿಯಿತು. ಬಿಡಲೇ ಇಲ್ಲ. ಕುಮಾರಿಯೇ ಒಂದು ದಿನ ರಜೆ ಹಾಕಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಕಫ ನೋಡಿದರು, ಟಿ.ಬಿ. ಅಂದರು. ಆರು ತಿಂಗಳು ಮಾತ್ರೆ ತಪ್ಪದೆ ನುಂಗಿದರೆ ಪೂರ್ತಿ ವಾಸಿ ಎಂದು ಧೈರ್ಯವನ್ನೂ ಹೇಳಿದರು. ಅಲ್ಲಿಯ ನರ್ಸಮ್ಮ ಒಳಗೆ ಬಂದವಳೇ ಮೊದಲು ಮಾಡಿದ ಕೆಲಸ ಕಿಟಕಿಗಳನ್ನು ತಳ್ಳಿ ತೆರೆದದ್ದು. "ಗಾಳಿ ಆಡ್ಲಿ ಕಣ್ರವ್ವ, ಗಾಳಿ ಆಡುದ್ರೆ ಅರ್ಧ ಕಾಯಿಲೆ ಹೊರಕ್ಕೆ ಓಯ್ತದೆ" ಅಂದಳು. ಆ ಮಾತು ಕುಮಾರಿಯ ತಲೆಯಲ್ಲಿ ಕೂತುಬಿಟ್ಟಿತು.

ಸುದ್ದಿ ಗುಂಡ್ಲುಪೇಟೆಗೆ ಮುಟ್ಟಿದ ಒಂದೇ ಗಂಟೆಯಲ್ಲಿ ರಾಚಮ್ಮನಿಗೆ ಫೋನು ಬಂತು. ಇನ್ನು ಬರುವುದು ಬೇಡ, ರೋಗಿಗಳಿಗೆ ಅಂಟಿದರೆ ಯಾರು ಹೊಣೆ ಎಂದು. ರಾಚಮ್ಮನಿಗೆ ಕಾಯಿಲೆ ಬಸ್ಸಿನಲ್ಲಿ ಬಂತೋ, ಮನೆಯಲ್ಲಿ ಬಂತೋ, ಆ ಕುರ್ಚಿಯ ಪಕ್ಕದಲ್ಲೇ ಬಂತೋ ಹೇಳಬಲ್ಲವರು ಯಾರೂ ಇಲ್ಲ. ಆದರೆ ರಾಚಮ್ಮನಿಂದ ರೋಗಿಗಳಿಗೆ ಬಂದೀತು ಎಂದು ತಕ್ಷಣ ಹೊಳೆದ ತಲೆಗಳಿಗೆ, ರೋಗಿಗಳಿಂದ ರಾಚಮ್ಮನಿಗೆ ಬಂದಿರಬಹುದು ಎಂದು ಒಂದು ಸಲವಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಮಾರನೆಯ ದಿನ ಕುಮಾರಿಯನ್ನು ಮೇಜಿನಿಂದ ಎಬ್ಬಿಸಿ ಒಳಗೆ ನಿಲ್ಲಿಸಿದರು. ಅದೇ ಜಾಗ, ಅದೇ ಸಣ್ಣ ಕೊಳವೆ, ಮುಚ್ಚಿದ ಅದೇ ಕಿಟಕಿ.

ಕುಮಾರಿಗೆ ಭಯವಾಯಿತು. ಅದನ್ನು ಮುಚ್ಚಿಡುವುದೇಕೆ? ರಾತ್ರಿ ಒಂದು ಸಲ ಕೆಮ್ಮಿದರೂ ಎದ್ದು ಕೂತುಬಿಡುತ್ತಿದ್ದಳು. ಕೆಲಸ ಬಿಡುವಂತಿಲ್ಲ, ಅಲ್ಲೇ ನಿಂತು ಕಾಯಿಲೆ ಹಿಡಿದರೆ ನಾಳೆ ತನಗೂ ಅದೇ ಫೋನು. ಆ ಕಿಟಕಿ ತೆರೆಯಲೇಬೇಕು ಎಂದು ಮನಸ್ಸಿಗೆ ಬಂದದ್ದು ಆಗ.

ಗಾಳಿಯ ವಿಷಯ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳ ಅಪ್ಪ ಚಿಕ್ಕಬಸವಯ್ಯ, ಅವ್ವ ಸಣ್ಣತಾಯಮ್ಮ ಇಬ್ಬರೂ ಅರಿಶಿನದ ಕಣದಲ್ಲಿ ದುಡಿದವರು. ಬೇಯಿಸಿ ಒಣಗಿಸಿದ ಅರಿಶಿನದ ಕೊಂಬನ್ನು ಪಾಲಿಶ್ ಡ್ರಮ್ಮಿಗೆ ಹಾಕಿ ತಿರುಗಿಸಿದರೆ ಹಳದಿ ಧೂಳು ಆಳೆತ್ತರಕ್ಕೆ ಏಳುತ್ತದೆ. ಅದಕ್ಕೇ ಡ್ರಮ್ಮನ್ನು ಎಂದೂ ಮಾಡಿನೊಳಗೆ ಇಡುವುದಿಲ್ಲ, ಬಟ್ಟಬಯಲಲ್ಲಿ ಇಡುತ್ತಾರೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಓದು ಬರಹ ಇಲ್ಲದ ಕೂಲಿಯವರಿಗೆ ಗೊತ್ತಿದ್ದ ಇಷ್ಟು ಸಂಗತಿ ಐದು ವರ್ಷ ಹಲ್ಲಿನ ಕಾಲೇಜಿನಲ್ಲಿ ಓದಿದವರ ಕೋಣೆಯಲ್ಲಿ ಇರಲಿಲ್ಲ.

ಅವಳು ಕೇಳಲಿಲ್ಲ ಎಂದಲ್ಲ. ಮೊದಲ ಸಲ ಡಾಕ್ಟರನ್ನೇ ಕೇಳಿದಳು.

"ಸಾರ್, ಆ ದಪ್ಪ ಪೈಪಿನ ಸಕ್ಷನ್ನು ಡಬ್ಬದಲ್ಲೇ ಅದೆಯಲ್ಲ, ಅದ್ನ ಹಚ್ಚುದ್ರೆ ಮಂಜು ಏಳೋ ಜಾಗದಲ್ಲೇ ಎಳ್ಕೊಳಲ್ವ?"

"ಎಳ್ಕೊಳ್ಳುತ್ತೆ ಕುಮಾರಿ. ಸೌಂಡ್ ಜಾಸ್ತಿ. ಪೇಷಂಟ್ಸ್ ಹೆದರ್ತಾರೆ."

"ಬಾಯಿಗೆ ಮೊದ್ಲೇ ಔಷ್ದಿ ನೀರಾಕಿ ಮುಕ್ಕಳಿಸಿದ್ರೆ?"

"ಕೊಡೋಣ ಕೊಡೋಣ."

ಆ ಕೊಡೋಣ ಆರು ತಿಂಗಳಾದರೂ ಕೊಟ್ಟದ್ದಾಗಲಿಲ್ಲ. ಕಿಟಕಿಯ ಮಾತೆತ್ತಿದಾಗ ಡಾಕ್ಟರು ಅಪ್ಪನ ಕಡೆ ಬೆರಳು ತೋರಿಸಿದರು. ಮರಿಮಲ್ಲಪ್ಪನವರು ಹೊರಗಿನ ಕೋಣೆಯಲ್ಲಿ ಟಿ.ವಿ. ಮುಂದೆ ಕೂತಿದ್ದರು. ದಪ್ಪ ಪೈಪಿನ ಸದ್ದಿಗೆ ಹೆದರುತ್ತಿದ್ದದ್ದು ರೋಗಿಗಳೋ, ಈ ಟಿ.ವಿ.ಯೋ, ಅದು ಮಾದಪ್ಪನಿಗೇ ಗೊತ್ತು. ಕುಮಾರಿಯ ಮಾತನ್ನು ಪೂರ್ತಿ ಕೇಳದೆ ಅಂದರು:

"ಇವತ್ತು ಕಿಟ್ಕಿ ತೆಗೀರಿ ಅಂತೀಯ, ನಾಳೆ ದೇವ್ರ ಇಳ್ಸಿ ಅಂತೀಯ. ನಿಮ್ಮಪ್ಪ ನಮ್ ಕಣದಲ್ಲಿ ಇಪ್ಪತ್ತು ವರ್ಷ ಗೇದ, ಒಂದು ದಿವ್ಸ ಎದುರು ಮಾತಾಡ್ಲಿಲ್ಲ ಕಣಮ್ಮಿ."

 ಕುಮಾರಿಯ ಅಪ್ಪ ಮಾತಾಡಲಿಲ್ಲ ನಿಜ, ಧಣಿಗಳನ್ನು ಬುದ್ಧಿ ಬುದ್ಧಿ ಎನ್ನುತ್ತ ಕೈಕಟ್ಟಿ ನಿಂತೇ ಬದುಕು ಕಳೆದ. ಇವಳು ಸಾರ್ ಎನ್ನುತ್ತಾಳೆ, ಅದೇ ಅವರಿಗೆ ನುಂಗಲಾರದ ತುತ್ತು. ಆ ಆಸ್ಪತ್ರೆಯಲ್ಲಿ ಮಧ್ಯಾಹ್ನ ಎಲ್ಲರಿಗೂ ಟೀ ಬರುತ್ತಿತ್ತು. ಡಾಕ್ಟರಿಗೂ ಅವರ ತಂದೆಗೂ ಸ್ಟೀಲ್ ಲೋಟ. ರಾಚಮ್ಮನಿಗೂ ಕುಮಾರಿಗೂ ಪೇಪರ್ ಕಪ್ಪು. ಬಾಯಿಬಿಟ್ಟು ಯಾರೂ ಏನೂ ಹೇಳುತ್ತಿರಲಿಲ್ಲ, ಕಪ್ಪೇ ಹೇಳುತ್ತಿತ್ತು. ಇನ್ನೊಬ್ಬರ ತುಟಿ ಸೋಕಿದ ಲೋಟ ಆಗದು, ಎಂಜಲು. ಆ ದೇವರ ಫೋಟೋವನ್ನೂ ಕುಮಾರಿ ಒರೆಸುವಂತಿರಲಿಲ್ಲ, ಮರಿಮಲ್ಲಪ್ಪನವರೇ ಒರೆಸಬೇಕು.

ಆಲೋಚನೆ ಹೊಳೆದದ್ದು ಮನೆಯಲ್ಲಿ ಬಟ್ಟೆ ಒಗೆಯುವಾಗ. ಅವ್ವನ ಹಳೆ ಸೀರೆಯ ಸೆರಗಿನಲ್ಲಿ ಕಂಡೂ ಕಾಣದ ಅರಿಶಿನದ ಕಲೆಗಳಿದ್ದವು. ಸೋಪು ತಾಗಿದ್ದೇ ತಡ, ಒಂದೊಂದೂ ಕೆಂಪಗೆ ಎದ್ದುಬಂತು. ಅರಿಶಿನ ಮುಟ್ಟಿದ ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ಸಂಗತಿ. ಕುಮಾರಿ ಆ ಸೆರಗನ್ನು ಬೆಳಕಿಗೆ ಹಿಡಿದು ಕಲೆಗಳನ್ನು ಎಣಿಸಿದಳು.

ಮಾರನೆಯ ದಿನ ಅಪ್ಪನ ಹಳೆಯ ಬಿಳಿ ಪಂಚೆಯನ್ನು ತುಂಡು ಮಾಡಿ, ಅರಿಶಿನ ಕದಡಿ ಮೂರು ಸಲ ಸೋಸಿದ ನೀರನ್ನು ಬಾಟಲಿಯಲ್ಲಿ ತುಂಬಿ ತಂದಳು. ಡಾಕ್ಟರು ಊಟಕ್ಕೆ ಹೋದಾಗ ಯಂತ್ರದ ನೀರಿನ ಬಾಟಲಿ ಬದಲಿಸಿದಳು. ಹಲ್ಲುಜ್ಜುವುದನ್ನು ರೋಗಿಗಳಿಗೆ ತೋರಿಸಲು ಇಟ್ಟಿದ್ದ ಪ್ಲಾಸ್ಟಿಕ್ ದವಡೆಯನ್ನು ಕುರ್ಚಿಯ ತಲೆಯ ಜಾಗದಲ್ಲಿ ಇಟ್ಟಳು. ಡಾಕ್ಟರು ಕೂರುವ ಸ್ಟೂಲು, ತಾನು ನಿಲ್ಲುವ ಜಾಗ, ಟ್ರೇ ಎಲ್ಲದರ ಮೇಲೂ ಪಂಚೆಯ ತುಂಡು. ಬಾಗಿಲು ಮುಚ್ಚಿ, ಎ.ಸಿ. ಹಾಕಿ, ಸಣ್ಣ ಕೊಳವೆ ಒಂದನ್ನೇ ಇಟ್ಟುಕೊಂಡು, ದಿನಾ ನಡೆಯುವಂತೆಯೇ ಕಾಲು ಗಂಟೆ ಯಂತ್ರ ಓಡಿಸಿದಳು. ಮಾದಪ್ಪನ ಫೋಟೋ ಕುರ್ಚಿಯ ತಲೆಗೆ ಎರಡೇ ಮಾರು ದೂರ. ಅದರ ಮೇಲೆ ಬಟ್ಟೆ ಹಾಕಲಿಲ್ಲ, ಮುಟ್ಟಬಾರದಲ್ಲ!

ಮೂರು ಗಂಟೆಗೆ ಅಪ್ಪ ಮಗ ಇಬ್ಬರನ್ನೂ ಒಳಗೆ ಕರೆದಳು. ಬಕೆಟ್ಟಿನಲ್ಲಿ ಸೋಪಿನ ನೀರಿತ್ತು.

"ಏನಮ್ಮಿ ಇದು, ಒಳ್ಳೆ ಮದುವೆ ಮನೆ ಮಾಡಿದ್ದೀಯ?" ಎಂದರು ಮರಿಮಲ್ಲಪ್ಪನವರು.

ಕುಮಾರಿ ಸ್ಟೂಲಿನ ಮೇಲಿನ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಹರಡಿದಳು. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆಗಳು ಎದ್ದವು, ಸಾಸಿವೆ ಚೆಲ್ಲಿದ ಹಾಗೆ. ತಾನು ನಿಲ್ಲುವ ಜಾಗದ ಬಟ್ಟೆಯನ್ನು ಅದ್ದಿದಳು. ಅದರಲ್ಲಿ ಚುಕ್ಕೆ ಎಣಿಸಲು ಜಾಗವೇ ಇರಲಿಲ್ಲ, ಇಡೀ ತುಂಡು ಕೆಂಪಾಗಿತ್ತು.

"ಸಾರ್, ಕ್ಲೀನಿಂಗ್ ಯಂತ್ರ ಕಾಲು ಗಂಟೆ ಓಡ್ಸಿದ್ದು. ಅರ್ಸ್ನದ ನೀರು. ನಾನ್ ನಿಂತ್ಕೊಳೋ ಜಾಗ ಇದು, ರಾಚಕ್ಕ ನಿಂತಿದ್ದೂ ಇಲ್ಲೇಯ."

ಡಾಕ್ಟರು ಮುಖ ತಗ್ಗಿಸಿದರು. ಮರಿಮಲ್ಲಪ್ಪನವರು ಮಾತ್ರ ಬಗ್ಗಲಿಲ್ಲ. "ನೀರು ಅಂದ್ಮೇಲೆ ಎರಚ್ತದೆ. ಅದಕ್ಕೇನೀಗ?" ಅಂದರು. ಒಬ್ಬ ಹೆಂಗಸಿನ ಎದೆಗೂಡಿನ ಮೇಲೆ ಬಿದ್ದದ್ದು ಅವರಿಗೆ ಬರೀ ನೀರು!

ಕುಮಾರಿ ಸೋಪು ಅದ್ದಿದ ಹತ್ತಿಯ ಉಂಡೆಯನ್ನು ಅವರ ಮುಂದೆ ಹಿಡಿದಳು.

"ಫೋಟೋ ನಾನ್ ಮುಟ್ಟಕಿಲ್ಲ ಸಾರ್. ನೀವೇ ಒರ್ಸಿ ನೋಡಿ."

ಅವರು ಗೊಣಗುತ್ತಲೇ ಮಾದಪ್ಪನ ಮುಖದ ಮೇಲಿನ ಗಾಜನ್ನು ಒರೆಸಿದರು. ಹತ್ತಿ ಕೆಂಪಾಯಿತು. ಇನ್ನೊಮ್ಮೆ ಒರೆಸಿದರು, ಹುಲಿಯ ಮೇಲೆ, ಪಾದದ ಮೇಲೆ. ಕೆಂಪೇ.

"ದೇವ್ರ ಮ್ಯಾಲೆ ಎರಚಿದ್ದೀಯೇನೇ ನೀನು!"

"ಇವತ್ತು ಅರ್ಸ್ನದ ನೀರು ಸಾರ್, ಶುದ್ಧವಾದ್ದು. ದಿನಾ ಬೀಳೋದು ಎಂಜ್ಲು. ದಿನಕ್ಕೆ ಹತ್ತು ಹನ್ನೆರಡು ಜನದ್ದು, ಊರೂರಿನವರ್ದು, ಎಲ್ಲಾ ಜಾತಿಯವರ್ದೂವೆ. ಕಿಟ್ಕಿ ಮುಚ್ಚಿ ನೀವು ಸಾಂಬ್ರಾಣಿ ಹಾಕೋದು ಅದರ ಮ್ಯಾಲೇಯ."

 ಮರಿಮಲ್ಲಪ್ಪನವರ ಕೈಯಿಂದ ಹತ್ತಿ ಕೆಳಗೆ ಬಿತ್ತು. ಆಮೇಲೆ ಆದದ್ದನ್ನು ಕುಮಾರಿ ಎಷ್ಟು ಜನಕ್ಕೆ ಹೇಳಿದರೂ ನಂಬುವುದಿಲ್ಲ. ಟೀ ಮುಗಿಯುವುದರೊಳಗೆ ಮಾದಪ್ಪ ಹೊರಗಿನ ಕೋಣೆಗೆ ಬಂದ. ಬಡಗಿಯನ್ನು ಕರೆಸಿದರು, ಪ್ಲೈವುಡ್ ಕಿತ್ತರು. ವಾಸ್ತು ಏನಾಯಿತೋ ಯಾರೂ ಕೇಳಲಿಲ್ಲ. ಎಷ್ಟೋ ವರ್ಷದಿಂದ ಒಳಗೆ ಬಾರದಿದ್ದ ಬಿಸಿಲು ಕುರ್ಚಿಯ ಮೇಲೆ ಬಿತ್ತು.

ಕುಮಾರಿ ಗೆದ್ದಳು. ಆದರೆ ಅವಳಿಗೆ ಸಂತೋಷವಾಗಲಿಲ್ಲ, ಮೊದಲಿಗಿಂತ ಹೆಚ್ಚು ಸಿಟ್ಟು ಬಂತು. ಆರು ತಿಂಗಳು ತನ್ನ ಉಸಿರಿನ ಮಾತು ಹೇಳಿದಾಗ ಅಲುಗದ ಹಲಗೆ, ಎಂಜಲು ಎಂಬ ಒಂದು ಮಾತಿಗೆ ಅರ್ಧ ಗಂಟೆಯಲ್ಲಿ ಕಿತ್ತುಬಂದಿತ್ತು.

ಮರಿಮಲ್ಲಪ್ಪನವರು ಹೊರಗೆ ಹೋದ ಮೇಲೆ ಅವಳು ಡಾಕ್ಟರನ್ನು ನೇರವಾಗಿ ಕೇಳಿದಳು. "ನಿಮ್ಗೆ ಇದೆಲ್ಲ ಮೊದ್ಲೇ ಗೊತ್ತಿತ್ತು, ಅಲ್ವ ಸಾರ್?"

ಸೋಮಶೇಖರ್ ಕೆಟ್ಟವರಲ್ಲ. ಸುಳ್ಳು ಹೇಳಬಹುದಾಗಿತ್ತು, ಹೇಳಲಿಲ್ಲ. "ಗೊತ್ತಿತ್ತು," ಅಂದರು.

"ಹಂಗಾದ್ರೆ ರಾಚಕ್ಕ ಸೋಮವಾರದಿಂದ ಬತ್ತಾಳೆ. ಅವಳ ಕಾಯಿಲೆ ವಾಸಿಯಾಯ್ತು ಅಂತ ಚಾಮರಾಜನಗರದವರು ಬರ್ದು ಕೊಟ್ಟವ್ರೆ. ಈ ರೂಮಿನ ಕಾಯಿಲೆಗೆ ಔಷ್ದಿ ಶುರುವಾಗಿದ್ದೇ ಇವತ್ತು."

ಡಾಕ್ಟರು ತಲೆಯಾಡಿಸಿದರು. ಅವರೇ ಎದ್ದು ಹೋಗಿ, ಅಟ್ಟದ ಮೇಲಿನಿಂದ ದಪ್ಪ ಪೈಪಿನ ಡಬ್ಬ ಇಳಿಸಿ ಧೂಳು ಕೊಡವತೊಡಗಿದರು.

ಸಂಜೆ ಕುಮಾರಿ ತೆರಕಣಾಂಬಿಯ ಬಸ್ಸು ಹತ್ತಲಿಲ್ಲ, ಭೀಮನಬೀಡಿಗೆ ಹೋದಳು. ರಾಚಮ್ಮ ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದಳು. ಮೈ ತುಂಬಿಕೊಂಡಿತ್ತು, ಕೆಮ್ಮು ನಿಂತಿತ್ತು. ಸೋಮವಾರದಿಂದ ಕೆಲಸಕ್ಕೆ ಬಾ ಎಂದಾಗ ಅವಳ ಕಣ್ಣಲ್ಲಿ ನೀರು ಬಂತು. ಪಂಚೆಯ ತುಂಡು, ಕೆಂಪು ಚುಕ್ಕೆ, ಹತ್ತಿಯ ಉಂಡೆ, ಮರಿಮಲ್ಲಪ್ಪನವರ ಮುಖ ಎಲ್ಲವನ್ನೂ ಕುಮಾರಿ ಅಭಿನಯಿಸಿ ತೋರಿಸಿದಳು. ರಾಚಮ್ಮ ಮೊರ ಕೆಳಗಿಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕು ನಕ್ಕು ಸುಸ್ತಾದಳು.

ನಗು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು:

"ಮಾದಪ್ಪನ ಮ್ಯಾಲೆ ಬಿದ್ದದ್ದು ಎಂಜ್ಲು ಅಂದ್ರೆ, ನಾಕು ವರ್ಸ ನನ್ ಮಕದ ಮ್ಯಾಲೆ ಬಿತ್ತಲ್ಲ, ಅದು ಏನು ಕಣಮ್ಮಿ?"

ಕುಮಾರಿ ಮೊರ ಎತ್ತಿಕೊಂಡು, ಉಳಿದ ಹುರುಳಿಯನ್ನು ತಾನೇ ಕೇರಿದಳು.