ರುದ್ರಪ್ಪ ಕಾಕಾನ ಆಸ್ಪತ್ರೆ ಗಾಡಿ

ಶಿಗ್ಗಾಂವದ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ರುದ್ರಪ್ಪ ಕಾಕಾ ನಟ್ಟು ತಿರುವುವ ಪಾನಾ ಹಿಡಿದದ್ದಕ್ಕಿಂತ ಚಹಾದ ಬಸಿ ಹಿಡಿದದ್ದೇ ಹೆಚ್ಚು. ಮೀಸೆಗೆ ತಾಗದಂತೆ ತುಟಿ ಮುಂದೆ ಚಾಚಿ, ದಾರಿಯ ಲಾರಿಯವರಿಗೂ ಕೇಳುವಂತೆ ಸುರ್ರೆಂದು ಹೀರುವರು. ಆ ಸದ್ದನ್ನು ನಾನು ಎಂಟನೇ ಇಯತ್ತೆಯಲ್ಲೇ ಕಲಿತೆ. ಸವಣೂರಿನ ನಮ್ಮ ಹೆಡ್ ಮಾಸ್ತರರ ಕೆಮ್ಮು, ಹಾನಗಲ್ ಬಸ್ಸಿನ ಕಂಡಕ್ಟರನ ಕೂಗು, ಹತ್ತಿಮತ್ತೂರಿನ ಸೋದರಮಾವನ ಸೀನು, ಎಲ್ಲ ನನ್ನ ಗಂಟಲಲ್ಲೇ ಬಿಡಾರ ಹೂಡಿದ್ದವು. ಸಾಲೆಯ ಗ್ಯಾದರಿಂಗಿನಲ್ಲಿ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಗದವರು ಒಬ್ಬರೇ, ನಮ್ಮಪ್ಪ. ಅವರು ಗಣಿತದ ಮಾಸ್ತರು. ನನ್ನ ಅಣಕು ಮುಗಿದ ಮೇಲೆ ಕನ್ನಡಕ ಒರೆಸಿಕೊಂಡು, "ಮುಗೀತ? ಕೈಕಾಲು ತೊಳಕೊಂಡು ಊಟಕ್ಕ ಬಾ" ಎನ್ನುವರು.

ಅಂಥ ಅಪ್ಪ ಪ್ರತಿ ರವಿವಾರ ಬಸ್ಸು ಹತ್ತಿ ಕಾಕಾನ ಗ್ಯಾರೇಜಿಗೆ ಹೋಗುತ್ತಿದ್ದರು. ಹಿರೇಕೆರೂರಿನ ಸಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು. ಒಮ್ಮೆ ಅಪ್ಪ ಮರೆತುಹೋದ ಕನ್ನಡಕ ಕೊಡಲು ಮುಂದಿನ ಬಸ್ಸಿಗೆ ಹೋದೆ. ತಗಡಿನ ಬಾಗಿಲ ಆಚೆ ಯಾರೋ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಗಿರಾಕಿ ಇರಬೇಕೆಂದು ಇಣುಕಿದರೆ ಅಪ್ಪ! ನನ್ನನ್ನು ಕಂಡದ್ದೇ ಆ ನಗು ಅಂಗಡಿ ಮುಚ್ಚಿತು. ನಾನು ಊರೆಲ್ಲ ಗಂಟಲು ಹರಿದುಕೊಂಡರೂ ಸಿಗದದ್ದು ಈ ಮಸಿಬಟ್ಟೆಯ ಮನುಷ್ಯನಿಗೆ ಕುಂತಲ್ಲೇ ಸಿಗುತ್ತಿತ್ತು. ಅಂದು ಹೊತ್ತಿಕೊಂಡ ಕಿಚ್ಚು ಇನ್ನೂ ಆರಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಕಾಕಾ ಹರಾಜಿನಲ್ಲಿ ಹಳೆಯ ಆಸ್ಪತ್ರೆ ಗಾಡಿಯೊಂದನ್ನು ಹಿಡಿದರು. ರೋಗಿ ಮಲಗುವ ಹಲಗೆಗೆ ಗಾದಿ ಹಾಸಿ, ಚಹಾದ ಸ್ಟೋ ಇಡಲು ಗೂಡು ಮಾಡಿ, ನಮ್ಮವ್ವನ ಹಳೆಯ ಸೀರೆ ಕೇಳಿ ತಂದು ಪರದೆ ಕಟ್ಟಿ, ಹೊರಗೆಲ್ಲ ನೀಲಿ ಬಣ್ಣ ಬಳಿದರು. "ನಡೀರಿ, ಮನೀನ ಸಮುದ್ರಕ್ಕ ಒಯ್ಯೂಣು" ಎಂದರು. ಬಣ್ಣದ ಕೆಳಗಿನಿಂದ ಆಸ್ಪತ್ರೆಯ ಕೆಂಪು ಗುರುತು ಇಣುಕುತ್ತಿತ್ತು. "ಇನ್ನೊಂದ್ ಕೈ ಹೊಡೀಬೇಕಿತ್ತಲ್ರೀ ಕಾಕಾ" ಎಂದರೆ, "ಇರ್ಲಿ ಬಿಡೋ, ಹಾದಿ ಬಿಡ್ತಾರ" ಎಂದರು.

ಅಪ್ಪ, ಅವ್ವ, ಅಕ್ಕ, ನಾನು. ನಸುಕಿನಲ್ಲಿ ಹೊರಟು, ಹಾನಗಲ್ ದಾಟಿ, ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದೆವು. ಕಾಕಾ ಗಾಡಿ ನಿಲ್ಲಿಸಿದ್ದೆಲ್ಲ ಯಾರೂ ನಿಲ್ಲಿಸದ ಕಡೆ: ಮುನಿಸಿಕೊಂಡು ಬೆನ್ನು ತಿರುವಿ ಕುಂತ ಬೀಗತಿಯಂಥ ಬಂಡೆ, ತೆಂಗಿನ ಮರವನ್ನು ಕಡಿಯದೆ ಅದರ ಸುತ್ತಲೇ ಕಟ್ಟಿದ ಕ್ಷೌರದಂಗಡಿ, ಬೆಳ್ಳಗಿನ ಉಪ್ಪಿನ ಬಯಲು. ಪ್ರತಿ ಸಲವೂ ಹಿಂಬಾಗಿಲನ್ನು ನೋಟದ ಕಡೆ ತಿರುಗಿಸಿ, ಪರದೆ ಎಳೆದು, ಮೊದಲು ಚಹಾ. ಬಸಿ ಖಾಲಿಯಾಗುವ ತನಕ ಯಾರೂ ಹೊರಗೆ ನೋಡುವಂತಿಲ್ಲ. "ಬಂಡೆಗಲ್ಲು ಎಲ್ಲಿ ಓಡಿ ಹೋಗತೈತಿ? ಹೊಟ್ಟಿ ಬೆಚ್ಚಗಾದ್ರ ಕಣ್ಣು ದೊಡ್ಡೂ ಆಗ್ತಾವ."

ಉಪ್ಪಿನ ಬಯಲಲ್ಲಿ ಬುಟ್ಟಿ ಹೊತ್ತ ಮುದುಕಿಯೊಬ್ಬಳು ಕೆಂಪು ಗುರುತು ನೋಡಿ ಓಡಿಬಂದಳು. ಗಾದಿಯ ಮೇಲೆ ಗಂಭೀರವಾಗಿ ಕುಳಿತ ಅಪ್ಪನನ್ನು ಕಂಡು, "ಅಯ್ಯೋ, ಇವರಿಗೆ ಎಂತಾ ಆಯ್ತ್ರಾ?" ಎಂದಳು.

"ಮಾಸ್ತರ್ರಿಗೆ ನಗು ಬರವಲ್ದವ್ವಾ" ಎಂದರು ಕಾಕಾ, ಮುಖ ಸಣ್ಣದು ಮಾಡಿ. "ಇಪ್ಪತ್ ವರ್ಷ ಆತು. ಧಾರವಾಡದ ಡಾಕ್ಟರೂ ಕೈ ಬಿಟ್ರು. ಸಮುದ್ರದ ಗಾಳಿ ಕುಡಸಾಕ ಒಯ್ಯಾಕತ್ತೇವಿ."

ಮುದುಕಿ ಅಪ್ಪನ ಕೈ ಹಿಡಿದು, "ಹೆದರಬೇಡಿ, ಬರ್ತದೆ" ಎಂದು ಸಮಾಧಾನ ಮಾಡಿದಳು.

ಬಂತು. ಅಪ್ಪ ಬಾಯೊಳಗಿನ ಚಹಾ ಉಗುಳಿ, "ಲೇ ರುದ್ರ್ಯಾ, ಸಾಯಸ್ತಿಯೇನಲೇ!" ಎಂದು ಗಾದಿಯ ಮೇಲೆ ಹೊರಳಿದರು. ಅವ್ವ ನಕ್ಕಳು, ಅಕ್ಕ ನಕ್ಕಳು, ಏನೂ ತಿಳಿಯದ ಮುದುಕಿಯೂ ನಕ್ಕಳು. ನಾನೊಬ್ಬ ಉಪ್ಪಿನ ಗುಡ್ಡೆ ಎಣಿಸುತ್ತ ಕುಳಿತೆ.

ಸಂಜೆ ಸಮುದ್ರದ ದಂಡೆಯಲ್ಲಿ, ಈಗ ನನ್ನ ಪಾಳಿ ಎಂದು ಎದ್ದೆ. ಕಾಕಾ ದೂರ ನೀರಿನಲ್ಲಿ ನಿಂತಿದ್ದರು. ಹಿಂದೊಮ್ಮೆ ಗ್ಯಾರೇಜಿನಲ್ಲಿ ಜಾಕು ಜಾರಿ ಗಾಡಿ ಮೈಮೇಲೆ ಬಂದಂದಿನಿಂದ ಅವರ ಒಂದು ಕಾಲು ಕುಂಟು. ನಾನು ಕಾಲೆಳೆಯುತ್ತ, ಸುರ್ರೆನ್ನುತ್ತ, ಅವರ ಒಡಕು ದನಿಯಲ್ಲಿ ಕೂಗುತ್ತ ಮರಳಿನಲ್ಲಿ ಸುತ್ತು ಹೊಡೆದೆ. ಅಕ್ಕನ ನಗು ಅರ್ಧಕ್ಕೇ ನಿಂತಿತು. ತಿರುಗಿದರೆ ಹಿಂದೆ ಕಾಕಾ.

"ತಮ್ಮಾ, ಸುರ್ ಅನ್ನೂದು ಛಲೋ ಕಲ್ತೀ" ಎಂದರು. "ಆದ್ರ ನಂದು ಎಡಗಾಲು. ನೀ ಬಲಗಾಲು ಎಳ್ಯಾಕತ್ತೀ. ಹಿಂಗ ನೋಡು."

ಪಕ್ಕದಲ್ಲಿ ನಿಂತು ನಡೆದು ತೋರಿಸಿದರು. ತಪ್ಪಿದಾಗ ನನ್ನ ತೊಡೆ ತಟ್ಟಿ ತಿದ್ದಿದರು. ಒಲ್ಲೆನೆನ್ನಲೂ ಆಗದೆ ನಾನೂ ಎಳೆದೆ. ಅಪ್ಪ ಮತ್ತೆ ನಕ್ಕರು. ಆ ನಗುವೂ ಪಾಠ ಹೇಳಿದವರಿಗೇ ಹೋಯಿತು. ನಾಚಿಕೆ, ಹೊಟ್ಟೆಕಿಚ್ಚು ಎರಡೂ ಒಮ್ಮೆಲೇ ಆದರೆ ಮುಖ ಯಾವ ಬಣ್ಣಕ್ಕೆ ತಿರುಗುತ್ತದೋ, ಕತ್ತಲಾಗಿದ್ದರಿಂದ ಯಾರೂ ನೋಡಲಿಲ್ಲ.

ಕಾಕಾನನ್ನು ಕೊನೆಯ ಸಲ ಕಂಡದ್ದು ಅದಾಗಿ ಐದಾರು ವರ್ಷಕ್ಕೆ. ಎದೆನೋವೆಂದು ಗ್ಯಾರೇಜಿನಲ್ಲೇ ಹೊರಸಿನ ಮೇಲೆ ಮಲಗಿದ್ದರು. ಮಾತಿಗೆ ಮಾತು ಬಂದು ಕೇಳಿಯೇಬಿಟ್ಟೆ: "ಕಾಕಾ, ನಮ್ಮಪ್ಪಗ ರವಿವಾರ ಅಂಥಾದ್ದೇನ್ ಹೇಳಿ ನಗಸ್ತೀರಿ? ನನಗೂ ಒಂದೀಟು ಕಲಸ್ರಿ."

"ನಾ ಎಲ್ಲಿ ನಗಸ್ತೇನೋ ಹುಚ್ಚಪ್ಪಾ? ಇಲ್ಲಿ ಆಟ ಆಡಾವ್ರು ಮಾಸ್ತರ. ನೀ ವಾರದಾಗ ಯಾರ್ಯಾರ್ನ ಅಣಕಸ್ತೀ, ಅದನ್ನೆಲ್ಲಾ ಬಂದು ನನಗ ಮಾಡಿ ತೋರಸ್ತಾರ. ಕಡೀಕ ನಿನ್ನೂ ಮಾಡ್ತಾರ, ಯಾರರ ಚಪ್ಪಾಳಿ ಬಡದಾರೇನು ಅಂತ ನೀ ಓರೆಗಣ್ಣಿಲೆ ನೋಡೂದನ್ನ. ಮಾಡ್ಕೋತ ತಾವ ನಗ್ತಾರ. ನಿನಗಿಂತ ಛಲೋ ಮಾಡ್ತಾರ ಬಿಡು."

ಹಿಗ್ಗಬೇಕಿತ್ತು. ನನ್ನ ಹೊಟ್ಟೆ ಮಾತ್ರ ಮತ್ತಷ್ಟು ಉರಿಯಿತು. ಇಷ್ಟು ವರ್ಷ ಆ ಆಟವನ್ನು ಇವರೊಬ್ಬರೇ ನೋಡಿದ್ದಾರಲ್ಲ!

ಮುಂದಿನ ತಿಂಗಳು ಕಾಕಾ ತೀರಿಕೊಂಡರು. ರವಿವಾರ ಬಂದರೆ ಅಪ್ಪ ಅಂಗಿ ತೊಟ್ಟು ಹೊಸ್ತಿಲ ತನಕ ಹೋಗಿ, ತಿರುಗಿ ಬಂದು ಹುಡುಗರ ಪೇಪರು ತಿದ್ದಲು ಕೂಡುವರು. ಅಂಥ ಒಂದು ಮುಂಜಾನೆ ಅವರೆದುರು ನೆಲದ ಮೇಲೆ ಕುಂತೆ.

"ಅಪ್ಪಾ, ನನ್ನ ಅಣಕಸ್ತೀರಂತಲ್ಲ. ಒಮ್ಮೆ ಮಾಡ್ರಿ, ನಾನೂ ನೋಡ್ತೇನಿ."

ಅಪ್ಪ ಪೆನ್ನು ಕೆಳಗಿಟ್ಟರು. ಬೆನ್ನು ನೆಟ್ಟಗೆ ಮಾಡಿ ಗಂಟಲು ಸರಿಪಡಿಸಿಕೊಂಡರು. ತುಟಿಯ ಒಂದು ತುದಿ ಅಲುಗಿತು. ನನ್ನ ಮುಖ ನೋಡಿ, ಮತ್ತೆ ಪೆನ್ನು ಎತ್ತಿಕೊಂಡರು.

"ಆಗಂಗಿಲ್ಲೋ ತಮ್ಮಾ" ಎಂದರು. "ಎದುರಿಗೆ ರುದ್ರ್ಯಾ ಬೇಕು."