ಎಂಟು ದಾರ, ಮೂರು ಬೆರಳು

ಸಂಕಪ್ಪನ ಬಲಗೈಯಲ್ಲಿ ಉಳಿದದ್ದು ಮೂರೇ ಬೆರಳು: ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ಉಂಗುರದ ಬೆರಳು ಉಳಿಯಿತು, ಉಂಗುರ ಮಾತ್ರ ಆಸ್ಪತ್ರೆಯ ಬಿಲ್ಲಿಗೆ ಹೋಯಿತು. ಮಿಕ್ಕೆರಡನ್ನು, ಕಾರ್ಖಾನೆಗಳೇ ತುಂಬಿದ ಭೋಸರಿಯ ಸಣ್ಣ ಕಾರ್ಖಾನೆಯೊಂದರ ಪವರ್ ಪ್ರೆಸ್ಸು ಐದು ವರ್ಷದ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ ತೆಗೆದುಕೊಂಡಿತು. ತಗಡು ಇಟ್ಟು ಪೆಡಲು ಒತ್ತಿದರೆ ಮೇಲಿನ ಅಚ್ಚು ಒಮ್ಮೆ ಬಿದ್ದು ಏಳಬೇಕು. ಅವತ್ತು ಬಿದ್ದು ಎದ್ದದ್ದು, ಯಾರೂ ಒತ್ತದೆ ಮತ್ತೊಮ್ಮೆ ಬಿತ್ತು. ಕೈಗೆ ಅಡ್ಡವಾಗಿ ಇರಬೇಕಾದ ಜಾಳಿಯನ್ನು, ಕೆಲಸ ಚುರುಕಾಗಲೆಂದು ಮಾಲಕರೇ ಒಂದು ತಿಂಗಳ ಮೊದಲು ಬಿಚ್ಚಿಸಿಟ್ಟಿದ್ದರು. ಕಾಗದದಲ್ಲಿ ಮಾತ್ರ ಬರೆದದ್ದು, 'ಕೆಲಸಗಾರನ ಕೈ ಜಾರಿದ್ದರಿಂದ' ಎಂದು. ಏಳನೇ ಇಯತ್ತೆ ಓದಿದ ಸಂಕಪ್ಪನಿಂದ, ಬಲಗೈಗೆ ಬ್ಯಾಂಡೇಜು ಇದೆಯಲ್ಲ ಎಂದು, ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡರು. ಹತ್ತೊಂಬತ್ತು ವರ್ಷದ ನೌಕರಿ ಆ ಹೆಬ್ಬೆಟ್ಟಿನ ಕೆಳಗೆ ಮುಗಿಯಿತು.

ಬೆರಳು ಹೋದದ್ದನ್ನು ಅವನು ಹೇಗೋ ನುಂಗಿಕೊಂಡ. ಆ ಮೂರು ಶಬ್ದ ಗಂಟಲಲ್ಲೇ ಸಿಕ್ಕಿಕೊಂಡವು. ಚಹಾದ ಗಾಡಿಯ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಯಾರು ಕೈ ನೋಡಿದರೂ ಹೇಳುತ್ತಿದ್ದ: "ನನ್ನ ಕೈ ಜಾರಿಲ್ರಿ. ಮಶೀನ ತಾನ ಬಿತ್ತು." ಕೇಳಿದವರು ಹೂಂಗುಟ್ಟಿ ಮುಂದೆ ಹೋಗುತ್ತಿದ್ದರು. ಭೋಸರಿಯಲ್ಲಿ ಇನ್ನೊಬ್ಬರ ಬೆರಳು ಎಣಿಸಿ ಬೆರಗಾಗುವವರು ಕಡಿಮೆ.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಕಲಿಸುತ್ತಿದ್ದ ಡಾಕ್ಟರಬಾಯಿ ಒಂದು ದಿನ ಅವನಿಗೆ ಗಟ್ಟಿ ಫೋಮಿನ ಬಿಲ್ಲೆಯೊಂದನ್ನು ಕೊಟ್ಟರು. ಸಣ್ಣ ರೊಟ್ಟಿಯಷ್ಟು ಅಗಲ, ನಡುವೆ ತೂತು, ಅಂಚಿನ ಸುತ್ತ ಮೂವತ್ತೆರಡು ಸೀಳು. ಜಪಾನಿನವರು ಇದರಲ್ಲಿ ಹುರಿ ಹೆಣೆಯುತ್ತಾರೆ, ಕುಮಿಹಿಮೊ ಎನ್ನುತ್ತಾರೆ ಎಂದು ಹೇಳಿದರು. ಎಂಟು ದಾರಗಳನ್ನು ಎರಡೆರಡಾಗಿ ನಾಲ್ಕು ಕಡೆಗೆ ಸಿಕ್ಕಿಸಬೇಕು. ಕೆಳಗಿನ ಎಡದ್ದು ಮೇಲಕ್ಕೆ, ಮೇಲಿನ ಬಲದ್ದು ಕೆಳಕ್ಕೆ, ಬಿಲ್ಲೆ ಕಾಲು ಸುತ್ತು ತಿರುಗಿಸಿ ಮತ್ತೆ ಅದೇ. ಸರವಾದರೆ ಮಣಿಗಳನ್ನೆಲ್ಲ ಮೊದಲೇ ದಾರಗಳಿಗೆ ಪೋಣಿಸಿಕೊಂಡು, ಪ್ರತಿ ನಡೆಗೂ ಒಂದನ್ನು ನಡುವಿಗೆ ಸರಿಸಿ ಅಡ್ಡ ದಾರದ ಕೆಳಗೆ ಕೂರಿಸಬೇಕು. ಹೆಣೆದ ಸರ ತೂತಿನಿಂದ ಕೆಳಗಿಳಿಯುತ್ತ ಹೋಗುತ್ತದೆ. ಅದು ನೆಟ್ಟಗೆ ಇಳಿಯಲೆಂದು ಸಂಕಪ್ಪ ತುದಿಗೆ ದೊಡ್ಡ ಉಕ್ಕಿನ ನಟ್ಟು ಕಟ್ಟಿದ. ಹತ್ತೊಂಬತ್ತು ವರ್ಷದ ನೌಕರಿಯಿಂದ ಮನೆಗೆ ಬಂದ ಮಾಲು ಅದೊಂದೇ.

ಅವನ ಹೆಂಡತಿ ನಾಗವ್ವ ನಾಲ್ಕು ಮನೆಗೆ ಜೋಳದ ರೊಟ್ಟಿ ಬಡಿದು ಕೊಡುತ್ತಿದ್ದಳು. ಅದರಲ್ಲೊಂದು ಪ್ರಲ್ಹಾದರಾಯರ ಮನೆ. ರಾಯರು ಮೂಲದಲ್ಲಿ ಧಾರವಾಡದವರು, ಶಹರದ ರವಿವಾರ ಪೇಟೆಯಲ್ಲಿ ಮಣಿಯ ಅಂಗಡಿ. ಒಂದು ದಿನ ಅವಳು ರೊಟ್ಟಿಯ ಡಬ್ಬಿಯ ಜೊತೆ ಗಂಡ ಹೆಣೆದ ಸರವನ್ನೂ ಮುಂದಿಟ್ಟಳು. ರಾಯರು ಮೂರು ಸಲ ತಿರುವಿ ನೋಡಿದರು, ಎಳೆದು ನೋಡಿದರು, ಕುಂದು ಸಿಗಲಿಲ್ಲ. ಕುಂದಿಲ್ಲದ ಮಾಲು ಎಂದರೆ ಚೌಕಾಸಿಗೆ ಜಾಗ ಇಲ್ಲದ ಮಾಲು, ಅವರ ಮುಖ ಸಪ್ಪಗಾಯಿತು. ಆದರೂ ಕೊಂಡರು. ಮುಂದಿನ ವಾರದಿಂದ ಸಂಕಪ್ಪನ ಸರಗಳಿಗೆ ಒಂದು ಚೀಟಿ ಬಂತು: 'ಹಳ್ಳಿಯ ಹೆಣ್ಣುಮಕ್ಕಳ ಕೈಕೆಲಸ.'

"ಯಾವ ಹೆಣ್ಮಕ್ಕಳ್ರಿ ಸಾವಕಾರ್ರ?" ಎಂದು ಸಂಕಪ್ಪ ಕೇಳಿದ.

"ನೀನೇ ಅಂತ ತಿಳ್ಕೊ. ಕೊರಳಿಗೆ ಹಾಕ್ಕೊಳ್ಳೋರಿಗೆ ನಿನ್ನ ಮಶೀನಿನ ಕಥಿ ಯಾಕ ಬೇಕು?"

ಎರಡು ವರ್ಷ ಹೀಗೆ ನಡೆಯಿತು. ಒಂದು ಸರವೂ ವಾಪಸು ಬರಲಿಲ್ಲ. ವಾರಕ್ಕೊಮ್ಮೆ ಸಂಕಪ್ಪ ಅದನ್ನು ನಾಗವ್ವನಿಗೆ ಹೇಳುತ್ತಿದ್ದ, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಹಾಗೆ. "ಜಾರೂ ಕೈ ಆಗಿದ್ರ ಒಂದರ ಮಣಿ ಸೊಟ್ಟ ಆಗತಿತ್ತಿಲ್ಲೋ?"

ಆಮೇಲೆ ಬಂದವಳು ಸುರಭಿ. ರಾಯರ ಬಳಗದ ಹುಡುಗಿ, ಅದೇ ಶಹರದ ಕೋಥರೂಡಿನಲ್ಲಿ ಅಂಗಡಿ, ಅರ್ಧ ವ್ಯಾಪಾರ ಮೊಬೈಲಿನ ಮೇಲೆ. ತಿಂಗಳ ಮಾಲೆಲ್ಲ ತಾನೇ ಕೊಳ್ಳುತ್ತೇನೆ, ಆದರೆ ಹೆಣೆಯುವ ಕೈಯ ವಿಡಿಯೊ ಬೇಕು ಎಂದಳು. ರಾಯರು ಸಂಕಪ್ಪನ ಮನೆಗೆ ಓಡಿ ಬಂದರು. "ನಾಗವ್ವ ಕೂಡ್ಲಿ. ಬಳಿ ಹಾಕಿದ ಕೈ ಕಂಡ್ರ ಸಾಕು."

"ನನಗ ರೊಟ್ಟಿ ಬಡಿಯೂದು ಗೊತ್ತೈತ್ರಿ," ಎಂದಳು ನಾಗವ್ವ. "ಇದಕ್ಕ ಮೂವತ್ತೆರಡು ಸೀಳು, ನನಗಿರೂದು ಒಂದ ತಲಿ."

ನಾಲ್ಕು ದಿನದಲ್ಲಿ ಕಲಿತಳು. ಸಂಕಪ್ಪ ಒಂದೇ ಮಾತನ್ನು ಹತ್ತು ಸಲ ಹೇಳಿದ: "ನಡುವ ಕೈ ಬಿಡೂದಿದ್ರ ನಡೀ ಅರ್ಧಕ್ಕ ಬಿಡು. ಒಂದ ಕಡೆ ಮೂರು ದಾರ ಇರಬೇಕು. ಮೂರು ಕಂಡ್ರ ಎಲ್ಲಿಂದ ಹಿಡೀಬೇಕಂತ ಗೊತ್ತಾಗತೈತಿ."

ಗುರುವಾರ ಕಾರ್ಖಾನೆಗಳಿಗೆ ರಜೆ, ಓಣಿ ಸುಮ್ಮನಿತ್ತು. ರಾಯರ ಜೊತೆ ಸುರಭಿ ಬಂದಳು. ಸಂಕಪ್ಪನನ್ನು ಅಡುಗೆಯ ಕಡೆ ಪರದೆಯ ಹಿಂದೆ ಕೂರಿಸಿದರು. ನಾಗವ್ವನ ಕೈ ಚೆನ್ನಾಗಿಯೇ ಓಡಿತು. "ಕಾಕೂ, ಒಂದು ಮಿನಿಟ್," ಎಂದು ಸುರಭಿ ದೀಪ ಸರಿಸಲು ಹೋದಳು. ನಾಗವ್ವ ಅಚ್ಚುಕಟ್ಟಿನ ಹೆಂಗಸು, ಏನನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ನಡೆ ಮುಗಿಸಿ, ಎರಡೆರಡು ದಾರ ಓರಣವಾಗಿ ಇಟ್ಟು ಕೈ ತೆಗೆದಳು. ದೀಪ ಸರಿಹೋದಮೇಲೆ ನೋಡಿದರೆ ನಾಲ್ಕು ಕಡೆಯೂ ಒಂದೇ ಥರ. ಯಾವುದೋ ಜೋಡಿ ಹಿಡಿದಳು. ಎರಡನೇ ನಡೆಗೆ ಮಣಿ ಗಂಟಿನಿಂದ ಹೊರಗೆ ಉಬ್ಬಿತು.

ಪರದೆ ಸರಿಯಿತು. "ಅದಲ್ಲ, ಎರಡು ನಡೀ ಬಿಚ್ಚು," ಎನ್ನುತ್ತ ಸಂಕಪ್ಪ ಬಂದು ಕೂತ. ತಾನೇ ಬಿಚ್ಚಿದ, ಸರಿಪಡಿಸಿದ, ಹತ್ತಾರು ನಡೆ ಹಾಕಿದ, ಬಿಲ್ಲೆಯ ಕಡೆ ನೋಡದೆ. ರಾಯರು ಫ್ಯಾನಿನ ಕಡೆ ನೋಡಿದರು. ಸುರಭಿಯ ಮೊಬೈಲು ನಡೆದೇ ಇತ್ತು.

"ಇವರು ಯಾರು?"

"ನಮ್ಮ ಯಜಮಾನ್ರು," ಎಂದಳು ನಾಗವ್ವ. "ಎಲ್ಲಾ ಸರಾ ಮಾಡಿದ್ದೂ ಅವರ."

ಸುರಭಿ ಕೈ ನೋಡಿದಳು, ರಾಯರನ್ನು ನೋಡಿದಳು, ಮತ್ತೆ ಕೈ ನೋಡಿದಳು. "ನನ್ನ ಕೈ ಜಾರಿಲ್ರಿ ಅಕ್ಕಾರ," ಎಂದು ಸಂಕಪ್ಪ ಶುರುಮಾಡಿದ. ಬಿಚ್ಚಿಟ್ಟ ಜಾಳಿ, ಎರಡನೇ ಪೆಟ್ಟು, ಹೆಬ್ಬೆಟ್ಟು, ಎಲ್ಲ. ಐದು ವರ್ಷದಲ್ಲಿ ಪೂರಾ ಕೇಳಿದವಳು ಅವಳೊಬ್ಬಳೇ. ಅವಳ ಕಣ್ಣಲ್ಲಿ ನೀರು ಬಂತು. ನೀರು ಖರೇನೇ ಇತ್ತು. ಅದನ್ನು ಒರೆಸಿಕೊಳ್ಳುತ್ತಲೇ ಕೈ ಮೇಲೆ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂದೂ ನೋಡಿಕೊಂಡಳು.

"ಕಾಕಾ, ನೀವೇ ಮಾಡ್ರಿ. ಆದ್ರ ಭಾಳ ಫಾಸ್ಟ್ ಆಗ್ಲಿಕ್ಕೆ ಹತ್ತೇದ. ನೋಡೋರಿಗೆ ಕಷ್ಟ ಕಾಣಬೇಕು."

ಸಂಕಪ್ಪ ನಿಧಾನ ಮಾಡಿದ.

"ಇನ್ನೊಂದು. ದಾರ ಒಮ್ಮೆ ಕೈಯಿಂದ ಜಾರ್ಲಿ. ಮತ್ತ ಹಿಡೀರಿ. ಅಷ್ಟೇ."

"ಜಾರೂದಿಲ್ರಿ."

"ಜಾರಸ್ರಿ ಕಾಕಾ. ಅದನ್ನ ನೋಡಿ ಮಂದಿ ತೊಗೋತಾರ."

ರಾಯರು ಕೆಮ್ಮಿದರು. "ಸಂಕಪ್ಪಾ, ಒಂದು ಸಲದ ಮಾತು."

ಅವನು ನಾಗವ್ವನ ಕಡೆ ತಿರುಗಿದ. ಅವಳು ರೊಟ್ಟಿ ಬಡಿದು ಬಾತ ಮುಂಗೈಗೆ ಸುತ್ತಿದ್ದ ಅರಿವೆಯನ್ನು, ವಿಡಿಯೊ ಎಂದು ಬೆಳಿಗ್ಗೆ ಬಿಚ್ಚಿಟ್ಟದ್ದನ್ನು, ಮತ್ತೆ ಸುತ್ತಿಕೊಳ್ಳುತ್ತಿದ್ದಳು.

ಸಂಕಪ್ಪ ದಾರ ಬಿಟ್ಟ.

"ಬೇಕಂತ ಬಿಟ್ಟಂಗ ಕಾಣ್ತದ," ಎಂದಳು ಸುರಭಿ.

ಎರಡನೇ ಸಲವೂ ಹಾಗೇ ಕಂಡಿತು. ಮೂರನೇ ಸಲ ದಾರ ಬೆರಳಿಲ್ಲದ ಕಡೆಯಿಂದ ನುಸುಳಿ ಹೋಯಿತು, ಬಿಲ್ಲೆ ವಾಲಿತು, ನಟ್ಟು ನೆಲಕ್ಕೆ ಬಡಿಯಿತು. "ಹಾಂ," ಎಂದಳು ಅವಳು. "ಇದು."

ವಿಡಿಯೊ ಊರೆಲ್ಲ ಸುತ್ತಿತು. ಸರ ಸಾಲದೆ ಹೋದವು. ರಾಯರು ಹೊಸ ಚೀಟಿ ಮಾಡಿಸಿದರು, 'ಬೆರಳು ಹೋದರೂ ಸೋಲದ ಕೈ' ಎಂದು. ಹಳ್ಳಿಯ ಹೆಣ್ಣುಮಕ್ಕಳನ್ನು ಒಂದು ಮಾತೂ ಹೇಳದೆ ಕೆಲಸದಿಂದ ತೆಗೆದರು. ನಾಗವ್ವ ಎರಡು ಮನೆಯ ರೊಟ್ಟಿ ಬಿಟ್ಟಳು.

ಮುಂದಿನ ವಾರ ಚಹಾದ ಗಾಡಿಯ ಹತ್ತಿರ ಕಾಡಪ್ಪ ಸಿಕ್ಕ. ಅದೇ ಕಾರ್ಖಾನೆಯಲ್ಲಿ ಪಕ್ಕದ ಪ್ರೆಸ್ಸಿನ ಮೇಲೆ ಹನ್ನೆರಡು ವರ್ಷ ಇದ್ದವನು, ಈಗಲೂ ಇದ್ದಾನೆ, ಹತ್ತೂ ಬೆರಳಿನ ಸಮೇತ. ಮೊಬೈಲು ತೆಗೆದು ತೋರಿಸಿದ. ನಗಲಿಲ್ಲ, ಕುಟುಕುವ ಮನಸ್ಸೂ ಇರಲಿಲ್ಲ.

"ನೋಡಿದ್ನಿಪಾ ಸಂಕಪ್ಪಾ. ನಮ್ಮ ಮಾಲಕರೂ ನೋಡಿದ್ರು. ಕೈ ಜಾರತೈತಲ್ಲೋ ನಿಂದು."

ಸಂಕಪ್ಪ ಚಹಾದ ಲೋಟವನ್ನು ಎಡಗೈಗೆ ದಾಟಿಸಿಕೊಂಡ.

"ಹೂಂ," ಎಂದ.