ಇರುವೆ ಸಾಲು ದಾಟುವವರೆಗೆ

ನಮ್ಮ ಪೇಟೆಯಲ್ಲಿ ಎರಡು ಧರ್ಮದವರ ನಡುವೆ ಗಲಾಟೆಯಾಗಿತ್ತು. ಚಾತುರ್ಮಾಸ್ಯಕ್ಕೆ ಮೂಡುಬಿದಿರೆಯಲ್ಲಿ ತಂಗಿದ್ದ ಜೈನ ಮುನಿಗಳಿಂದ ನಮ್ಮ ಪರ ಹೇಳಿಕೆ ಕೊಡಿಸಲೇಬೇಕೆಂದು ಬಂಟ್ವಾಳದಿಂದ ಜೀಪು ಮಾಡಿಕೊಂಡು ಹೋದೆವು.

"ಮಹಾರಾಜರೇ, ಇದು ಧರ್ಮಯುದ್ಧ. ನೀವು ಸುಮ್ಮನೆ ಕೂತರೆ ಆಗ್ಲಿಕ್ಕಿಲ್ಲ" ಎಂದು ನಮ್ಮ ಮುಖಂಡ ಬೊಬ್ಬೆ ಹೊಡೆದ.

"ಕೂತು ಮಾತಾಡುವ" ಎಂದ ಮುನಿಗಳು ಕೈಯಲ್ಲಿದ್ದ ನವಿಲುಗರಿಯ ಪಿಂಛಿಯಿಂದ ಮೊದಲು ನೆಲವನ್ನು ಮೆಲ್ಲನೆ ಸವರತೊಡಗಿದರು. ಅಲ್ಲೊಂದು ಇರುವೆ ಸಾಲು. ಅದು ದಾಟುವವರೆಗೆ ಅವರೂ ಕೂರಲಿಲ್ಲ, ನಾವೂ ಕೂರುವಂತಿರಲಿಲ್ಲ. ನನಗೋ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ಕುಳಿತು, "ಈಗ ಹೇಳಿ, ಯಾರಿಗೆ ಹೊಡೀಬೇಕು?" ಎಂದರು.

ಒಬ್ಬೊಬ್ಬರಾಗಿ ಎದ್ದೆವು. ಕೈಮುಗಿದು ಹೊರಬಂದೆವು. ಅಂಗಳದಲ್ಲಿ ಮುಖಂಡ ಥಟ್ಟನೆ ನನ್ನ ತೋಳು ಹಿಡಿದೆಳೆದ.

"ನೋಡಿ ಕಾಲಿಡು ಮಾರಾಯ, ಇರುವೆ ಉಂಟು!"